ಇಪ್ಪತ್ತು ಕಥೆ, ಒಂಬತ್ತು ಚಲನಚಿತ್ರ: ‘ತೋಮಿಯೆ’ಯನ್ನು ನಾನು ಓದಿ ಮುಗಿಸಿದ ಬಗೆ

ಭಯದ ಕಥೆಗಳ ಜಪಾನಿ ಚಿತ್ರಕಥೆಗಾರ ಜುಂಜಿ ಇತೊ ಅವರ ‘ತೋಮಿಯೆ’ ಮಾಂಗಾವನ್ನು (ಜಪಾನಿ ಚಿತ್ರಕಥೆಯನ್ನು) ಮೂರು ಸಲ ಕೈಗೆತ್ತಿಕೊಂಡ ನಾನು ಎರಡು ಸಲ ಅರ್ಧಕ್ಕೇ ಬಿಟ್ಟಿದ್ದೆ. ಮೂರನೆಯ ಸಲ ಇಪ್ಪತ್ತೂ ಕಥೆಗಳನ್ನು ಓದಿ, ಅವುಗಳಿಂದ ಹುಟ್ಟಿದ ಒಂಬತ್ತು ಜಪಾನಿ ಚಲನಚಿತ್ರಗಳನ್ನೂ ಅನಿಮೆ (ಜಪಾನಿ ಅನಿಮೇಷನ್) ಕಂತುಗಳನ್ನೂ ನೋಡಿ ಮುಗಿಸುವ ಹೊತ್ತಿಗೆ ಎಂಟು ತಿಂಗಳು ಕಳೆದಿದ್ದವು. ಮೊದಲೆರಡು ಸಲ ನನ್ನನ್ನು ಸೋಲಿಸಿದ್ದು ಹೆದರಿಕೆಯಲ್ಲ. ಎಲ್ಲಿಂದ ಹಿಡಿಯಬೇಕು, ಯಾವುದಾದ ಮೇಲೆ ಯಾವುದು, ಹೇಗೆ ಓದಬೇಕು ಎಂಬುದೇ ತಿಳಿಯದೆ ಹೋಗಿತ್ತು. ಈ ದಾರಿಯಲ್ಲಿ ಹೊರಡುವ ಇನ್ನೊಬ್ಬರಿಗೆ ಉಪಯೋಗವಾದೀತೆಂದು ನಾನು ಮಾಡಿದ್ದನ್ನು, ಎಡವಿದ್ದನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ಕಥೆಯ ಮೂಲ ಇಷ್ಟು. ತೋಮಿಯೆ ಕವಾಕಾಮಿ ಎಂಬ ಅಪರೂಪದ ಚೆಲುವೆಯ ಎಡಗಣ್ಣಿನ ಕೆಳಗೊಂದು ಮಚ್ಚೆಯಿದೆ. ಅವಳನ್ನು ಕಂಡ ಗಂಡಸರು ಮೊದಲು ಮರುಳಾಗುತ್ತಾರೆ, ಆಮೇಲೆ ಅವಳನ್ನು ಕೊಲ್ಲದೆ ಇರಲಾರದ ಸ್ಥಿತಿಗೆ ತಲುಪುತ್ತಾರೆ. ಕೊಂದು ತುಂಡು ಮಾಡಿದರೆ ಪ್ರತಿಯೊಂದು ತುಂಡೂ ಬೆಳೆದು ಇನ್ನೊಬ್ಬ ತೋಮಿಯೆ ಆಗುತ್ತದೆ. ತೀರಿಕೊಂಡ ಸಹಪಾಠಿಯೊಬ್ಬರು ಏನೂ ಆಗದವರಂತೆ ಮತ್ತೆ ತರಗತಿಗೆ ಬಂದರೆ ಹೇಗಿರುತ್ತದೆ ಎಂಬ ಭಾವನೆಯಿಂದ, ಕಡಿದರೂ ಮತ್ತೆ ಬೆಳೆಯುವ ಹಲ್ಲಿಯ ಬಾಲದಿಂದ ಈ ಕಲ್ಪನೆ ಬಂತೆಂದು ಇತೊ ಹೇಳಿಕೊಂಡಿದ್ದಾರೆ. ಆಗ ಅವರು ದಂತ ತಂತ್ರಜ್ಞರಾಗಿ ಕೆಲಸ ಮಾಡುತ್ತಿದ್ದರು. ‘ಗೆಕ್ಕಾನ್ ಹ್ಯಾಲೋವೀನ್’ ಎಂಬ ಮಾಸಪತ್ರಿಕೆಯು ಭಯದ ಮಾಂಗಾದ ಹಿರಿಯ ಕಜುವೊ ಉಮೆಜು ಅವರ ಹೆಸರಿನಲ್ಲಿ ಏರ್ಪಡಿಸಿದ್ದ ಸ್ಪರ್ಧೆಗೆ ಮೊದಲ ಕಥೆಯನ್ನು ಕಳುಹಿಸಿ, 1987ರಲ್ಲಿ ಮೆಚ್ಚುಗೆಯ ಬಹುಮಾನ ಪಡೆದರು. ಅದು ಹುಡುಗಿಯರಿಗಾಗಿಯೇ ಬರುತ್ತಿದ್ದ ಪತ್ರಿಕೆ. ಈ ಒಂದು ಸಂಗತಿಯನ್ನು ನಾನು ಮೊದಲೇ ತಿಳಿದಿದ್ದರೆ ಎಷ್ಟೋ ಚೆನ್ನಾಗಿತ್ತು. ತೋಮಿಯೆಯನ್ನು ಗಂಡಸರ ಕಣ್ಣಿಗೆ ಒಡ್ಡಿದ ಬೊಂಬೆಯೆಂದು ಓದಿದರೆ ಕಥೆಗಳು ಬೇಗ ಸಪ್ಪೆಯಾಗುತ್ತವೆ. ಹದಿಹರೆಯದ ಓದುಗಿಯರ ಮುಂದೆ ಇಟ್ಟ ಕಥೆಯೆಂದು ಓದಿದಾಗ, ಚೆಲುವಿನ ಬಗೆಗೆ ಹುಡುಗಿಯರೊಳಗೇ ಇರುವ ಆಸೆ, ಅಸೂಯೆ, ಭಯಗಳೆಲ್ಲ ಅಲ್ಲಿ ಕಾಣತೊಡಗುತ್ತವೆ.

ಮೊದಲ ಸಲ ನಾನು ಮಾಡಿದ ತಪ್ಪು ವಂಶವೃಕ್ಷ ಬರೆಯಲು ಹೋದದ್ದು. ‘ಸುಧಾ’, ‘ತರಂಗ’ಗಳಲ್ಲಿ ಧಾರಾವಾಹಿ ಓದಿ ಬೆಳೆದವನಿಗೆ ಪ್ರತಿ ಕಂತೂ ಹಿಂದಿನ ಕಂತಿನ ತುದಿಯಿಂದ ಆರಂಭವಾಗಬೇಕು ಎಂಬ ನಿರೀಕ್ಷೆ ಸಹಜ. ಹೀಗಾಗಿ ದಪ್ಪ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, ಯಾವ ತೋಮಿಯೆ ಯಾವ ತುಂಡಿನಿಂದ ಹುಟ್ಟಿದಳು, ಈಗ ಯಾವ ಊರಿನಲ್ಲಿದ್ದಾಳೆ ಎಂದು ಗುರುತು ಹಾಕುತ್ತಾ ಹೋದೆ. ಏಳೆಂಟು ಕಥೆಗಳಾಗುವಷ್ಟರಲ್ಲಿ ಬಾಣದ ಗುರುತುಗಳು ಒಂದರ ಮೇಲೊಂದು ಹಾಯ್ದು ಪುಟವೇ ಕಪ್ಪಾಯಿತು. ಅದರ ಜೊತೆಗೆ ಚಲನಚಿತ್ರಗಳನ್ನೂ ಅದೇ ಗಿಡದ ಕೊಂಬೆಗಳಲ್ಲಿ ಕೂರಿಸಲು ಹೋದಾಗ ಪುಸ್ತಕವನ್ನೇ ಮುಚ್ಚಿಟ್ಟೆ.

ಮತ್ತೆ ತೆಗೆದದ್ದು ವರ್ಷದ ನಂತರ, ನವರಾತ್ರಿಯಲ್ಲಿ. ಮನೆಯಲ್ಲಿ ದೇವೀ ಮಹಾತ್ಮೆಯ ಪಾರಾಯಣ ನಡೆದಿತ್ತು, ರಕ್ತಬೀಜನ ಭಾಗ ಬಂತು. ನೆಲಕ್ಕೆ ಬಿದ್ದ ಒಂದೊಂದು ಹನಿ ರಕ್ತದಿಂದಲೂ ಅವನಷ್ಟೇ ಬಲವುಳ್ಳ ಇನ್ನೊಬ್ಬ ರಕ್ತಬೀಜ ಏಳುತ್ತಾನೆ. ಅವರಲ್ಲಿ ಮೊದಲಿನವನು ಯಾರೆಂದು ಯಾರೂ ಕೇಳುವುದಿಲ್ಲ, ಕೇಳುವ ಅಗತ್ಯವೂ ಇಲ್ಲ. ನನ್ನ ವಂಶವೃಕ್ಷ ಏಕೆ ನಿಲ್ಲಲಿಲ್ಲ ಎಂಬುದು ಆಗ ಹೊಳೆಯಿತು. ಒಂದೊಂದು ಕಥೆಯಲ್ಲಿ ಬರುವ ತೋಮಿಯೆಯೂ ಪೂರ್ತಿ ತೋಮಿಯೆಯೇ. ಹಾಗಾಗಿ ಒಂದೊಂದು ಕಥೆಯನ್ನೂ ಪೂರ್ತಿ ಕಥೆಯೆಂದೇ ಓದಬೇಕು. ರಕ್ತವನ್ನು ನೆಲಕ್ಕೆ ಬೀಳದಂತೆ ಕುಡಿದು ಮುಗಿಸುವ ಕಾಳಿ ಇತೊ ಅವರ ಲೋಕದಲ್ಲಿಲ್ಲ. ಆದುದರಿಂದ ಎಲ್ಲ ಎಳೆಗಳೂ ಕೂಡಿಬಂದು ಮುಗಿಯುವ ಅಂತ್ಯಕ್ಕಾಗಿ ಕಾಯುವುದನ್ನೂ ಬಿಟ್ಟೆ.

ಹಾಗೆಂದು ಕಥೆಗಳ ನಡುವೆ ಕೊಂಡಿಯೇ ಇಲ್ಲವೆಂದಲ್ಲ. ಆರಂಭದ ಆಸ್ಪತ್ರೆಯ ಕಥೆಯಲ್ಲಿ ಯುಕಿಕೊ ಎಂಬ ಹುಡುಗಿಗೆ ಕಸಿ ಮಾಡುವ ಮೂತ್ರಪಿಂಡ ತೋಮಿಯೆಯದು. ಅದರ ಪರಿಣಾಮ ‘ನೆಲಮಾಳಿಗೆ’ ಎಂಬ ಮುಂದಿನ ಕಥೆಯಲ್ಲಿ ಬೆಳೆಯುತ್ತದೆ. ಹಾಗೆಯೇ ‘ಫೋಟೋ’, ‘ಮುತ್ತು’, ‘ಬಂಗಲೆ’ ಎಂಬ ಮೂರು ಕಥೆಗಳನ್ನು ಫೋಟೋ ತೆಗೆಯುವ ತ್ಸುಕಿಕೊ ಇಜುಮಿ ಎಂಬ ಹುಡುಗಿ ಒಂದಾಗಿ ಹೊಲಿಯುತ್ತಾಳೆ. ಈ ಎರಡು ಗಂಟುಗಳನ್ನು ಬಿಡಿಸದೆ ಒಟ್ಟಿಗೆ ಓದಿದೆ. ಉಳಿದವುಗಳಲ್ಲಿ ಹೆಚ್ಚಿನವನ್ನು ಒಂದು ದಿನಕ್ಕೊಂದರಂತೆ, ನಡುವೆ ಬಿಡುವು ಕೊಟ್ಟು ಓದಿದೆ. ಪತ್ರಿಕೆಗಳಿಗೆಂದು ಬರೆದ ಕಥೆಗಳನ್ನು ಒಂದೇ ರಾತ್ರಿ ಹತ್ತು ಓದಿದರೆ ಮರುಳು, ಕೊಲೆ, ಮರುಹುಟ್ಟು ಎಂಬ ಚಕ್ರವೊಂದೇ ಎದ್ದು ಕಾಣುತ್ತದೆ. ಅಕ್ಕಿಮದ್ಯ ತಯಾರಿಸುವ ಮನೆಯ ಕಥೆಗೂ ಜಲಪಾತದ ಮಡುವಿನ ಕಥೆಗೂ ಇರುವ ವ್ಯತ್ಯಾಸ ಅಳಿಸಿಹೋಗುತ್ತದೆ.

ಆವೃತ್ತಿಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಇಂಗ್ಲಿಷಿನಲ್ಲಿ ಮೊದಲು ಕಾಮಿಕ್ಸ್‌ವನ್, ಆಮೇಲೆ 2006ರಲ್ಲಿ ಡಾರ್ಕ್ ಹಾರ್ಸ್, ಕೊನೆಗೆ 2016ರಲ್ಲಿ ವಿಜ್ ಮೀಡಿಯಾ ಇದನ್ನು ಪ್ರಕಟಿಸಿದವು. ಡಾರ್ಕ್ ಹಾರ್ಸ್‌ನ ‘ಮ್ಯೂಸಿಯಂ ಆಫ್ ಟೆರರ್’ ಎಂಬ ಹೆಸರಿನ ಮೂರು ಸಂಪುಟಗಳಲ್ಲಿ ಮೊದಲ ಎರಡು ಮಾತ್ರ ತೋಮಿಯೆಯವು. ಹಳೆಯ ಪ್ರತಿ ಕೊಳ್ಳುವವರು ಇದನ್ನು ನೆನಪಿಡಬೇಕು, ಏಕೆಂದರೆ ಮೂರನೆಯದರಲ್ಲೂ ತೋಮಿಯೆಯನ್ನು ಹುಡುಕಿ ನಾನು ಒಂದು ವಾರ ಕಳೆದೆ. ಈಗ ಆರಂಭಿಸುವವರಿಗೆ ವಿಜ್‌ನ ಒಂದೇ ದಪ್ಪ ಸಂಪುಟ ಸಾಕು. 1987ರ ಮೊದಲ ಕಥೆಯಿಂದ ಹಿಡಿದು ಇಪ್ಪತ್ತೂ ಕಥೆಗಳು ಅದರಲ್ಲಿವೆ, ಮತ್ತು ಆರಂಭದ ಒರಟು ಗೆರೆಗಳು ಪುಟ ಕಳೆದಂತೆ ಪಳಗಿ ಸೂಕ್ಷ್ಮವಾಗುವುದನ್ನು ಒಂದೇ ಹೊದಿಕೆಯೊಳಗೆ ಕಾಣಬಹುದು. ಮೊದಲ ಕಥೆಯ ಚಿತ್ರಗಳನ್ನು ನೋಡಿ ನಿರಾಸೆಗೊಂಡು ಪುಸ್ತಕ ಕೆಳಗಿಡಬೇಡಿ ಎಂಬುದೊಂದೇ ನನ್ನ ಕೋರಿಕೆ.

ಇನ್ನು ಎರಡನೆಯ ಸಲದ ಸೋಲಿನ ಕಥೆ. ಅದರಿಂದ ನಾನು ಕಲಿತದ್ದೇ ಹೆಚ್ಚು. ಆಗ ನಾನು ಫೋನಿನಲ್ಲಿ, ಒಂದು ಸಲಕ್ಕೆ ಒಂದೇ ಪುಟ ಕಾಣುವಂತೆ ಓದುತ್ತಿದ್ದೆ. ಓದು ಓಡುತ್ತಿತ್ತು, ಆದರೆ ಮೈ ನಡುಗುತ್ತಿರಲಿಲ್ಲ. ನನ್ನ ಕಸುಬು ಅಚ್ಚಿನ ಕರಡು ತಿದ್ದುವುದು. ಎಡಪುಟ, ಬಲಪುಟಗಳ ಲೆಕ್ಕ ಕೈಗೆ ಅಂಟಿದ ಅಭ್ಯಾಸ. ಆದರೂ ಕಾರಣ ಹೊಳೆಯಲು ಅಚ್ಚಾದ ಪುಸ್ತಕವೇ ಕೈಗೆ ಬರಬೇಕಾಯಿತು. ಜಪಾನಿ ಮಾಂಗಾ ಬಲದಿಂದ ಎಡಕ್ಕೆ ಸಾಗುತ್ತದೆ. ಆದ್ದರಿಂದ ತೆರೆದ ಜೋಡಿಪುಟದಲ್ಲಿ ನಾವು ಕೊನೆಗೆ ತಲುಪುವುದು ಎಡಪುಟದ ಕೆಳಗಿನ ಎಡ ಮೂಲೆಯ ಚೌಕಟ್ಟಿಗೆ. ಇತೊ ಅಲ್ಲಿ ಬಹಳ ಸಣ್ಣ ಸಂಗತಿಯೊಂದನ್ನು ಇಡುತ್ತಾರೆ: ಬಾಗಿಲ ಹಿಡಿಯ ಮೇಲೊಂದು ಕೈ, ಹಿಂತಿರುಗಿ ನೋಡುವ ಮುಖ, ಬೆವರಿನ ಒಂದು ಹನಿ. ನೋಡುವವನ ಮುಖ ಕಾಣುತ್ತದೆ, ನೋಡಿದ್ದೇನು ಎಂಬುದು ಕಾಣುವುದಿಲ್ಲ. ಪುಟ ತಿರುವಿದರೆ ಬಲಪುಟದಲ್ಲಿ ದೊಡ್ಡ ಚಿತ್ರ ಕಣ್ಣಿಗೆ ಅಪ್ಪಳಿಸುತ್ತದೆ. ತಿರುವುವ ಕೈ ಓದುಗನದೇ ಆದ್ದರಿಂದ ಬಾಗಿಲು ತೆರೆದವನೂ ಅವನೇ ಎಂಬ ಅನುಭವವಾಗುತ್ತದೆ. ಫೋನಿನ ಒಂಟಿಪುಟದಲ್ಲಿ ಎಲ್ಲ ಪುಟಗಳೂ ಒಂದೇ ತೂಕದವು. ಆ ಬಾಗಿಲೇ ಇಲ್ಲ. ಫೋನಿನಲ್ಲೇ ಓದಬೇಕಾದವರು ಅದನ್ನು ಅಡ್ಡ ಹಿಡಿದು ಜೋಡಿಪುಟ ಕಾಣುವಂತೆ ಮಾಡಿಕೊಂಡರೆ ಅರ್ಧದಷ್ಟಾದರೂ ದಕ್ಕುತ್ತದೆ.

ಇದು ತಿಳಿದ ಮೇಲೆ ಚಲನಚಿತ್ರಗಳನ್ನು ನೋಡುವ ರೀತಿಯೂ ಬದಲಾಯಿತು. ಪುಟ ತಿರುವುವ ಅಧಿಕಾರ ಚಿತ್ರ ನೋಡುವವನಿಗಿಲ್ಲ, ನಿರ್ದೇಶಕನಿಗಿದೆ. ಆ ನಷ್ಟವನ್ನು ಒಬ್ಬೊಬ್ಬರು ಹೇಗೆ ತುಂಬಿಕೊಂಡರು ಎಂದು ನೋಡುವುದೇ ನನ್ನ ಕುತೂಹಲವಾಯಿತು. ಅತಾರು ಓಯಿಕಾವಾ ಅವರ ಮೊದಲ ‘ತೋಮಿಯೆ’ಯನ್ನು ಕೆಲವು ಪಟ್ಟಿಗಳು 1998ರದೆಂದೂ ಕೆಲವು 1999ರದೆಂದೂ ಹೇಳುತ್ತವೆ, ಎರಡೂ ಒಂದೇ ಚಿತ್ರ. ಅದರಲ್ಲಿ ತೋಮಿಯೆಯಾದ ಮಿಹೊ ಕನ್ನೊ ಅವರ ಮುಖವನ್ನು ಬಹಳ ಹೊತ್ತಿನವರೆಗೆ ತೋರಿಸುವುದೇ ಇಲ್ಲ. ಕೂದಲು, ಬೆನ್ನು, ದನಿ ಮಾತ್ರ. ಓಯಿಕಾವಾ ಎಡಪುಟದ ಕೊನೆಯ ಚೌಕಟ್ಟನ್ನೇ ಚಿತ್ರದ ಉದ್ದಕ್ಕೂ ಹಿಗ್ಗಿಸಿದ್ದಾರೆ ಎಂದು ನನಗನ್ನಿಸಿತು, ಮತ್ತು ಒಂಬತ್ತರಲ್ಲಿ ನನಗೆ ಅತಿ ಪ್ರಿಯವಾದದ್ದೂ ಇದೇ. ಆದರೆ ಇಲ್ಲಿನ ತ್ಸುಕಿಕೊ ಇಜುಮಿ ಮಾಂಗಾದ ತ್ಸುಕಿಕೊ ಅಲ್ಲ. ಹೆಸರೂ ಕ್ಯಾಮೆರಾವೂ ಒಂದೇ ಆದರೂ ಈಕೆ ನೆನಪು ಕಳೆದುಕೊಂಡು ಸಂಮೋಹನ ಚಿಕಿತ್ಸೆ ಪಡೆಯುತ್ತಿರುವವಳು, ಕೆಳಗಿನ ಮನೆಯಲ್ಲಿ ಒಬ್ಬ ಯುವಕ ತೋಮಿಯೆಯನ್ನು ಬೆಳೆಸುತ್ತಿರುವುದು ಅವಳಿಗೆ ತಿಳಿಯದು. ಹೆಸರು ಕಂಡು ಕಥೆ ಮುಂದುವರಿದಿದೆ ಎಂದುಕೊಂಡರೆ ದಾರಿ ತಪ್ಪುತ್ತದೆ.

‘ಅನದರ್ ಫೇಸ್’ ದೂರದರ್ಶನಕ್ಕಾಗಿ ಮಾಡಿದ ಮೂರು ಕಥೆಗಳ ಜೋಡಣೆ, ಬೇಕಿದ್ದರೆ ಬಿಡಬಹುದು. 2000ದ ‘ರಿಪ್ಲೇ’ ಆಸ್ಪತ್ರೆಯ ಕಥೆಗಳಿಂದ ಬೀಜ ಪಡೆದಿದೆ: ಹೊಟ್ಟೆ ಊದಿಕೊಂಡ ಪುಟ್ಟ ಹುಡುಗಿಯೊಬ್ಬಳ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ಒಳಗೆ ಜೀವಂತ ತಲೆ ಸಿಗುತ್ತದೆ. ಅದನ್ನು ‘ನೆಲಮಾಳಿಗೆ’ ಓದಿದ ಮರುದಿನವೇ ನೋಡಬೇಕು. 2001ರ ‘ರೀಬರ್ತ್’ ಅನ್ನು ತಕಾಶಿ ಶಿಮಿಜು ನಿರ್ದೇಶಿಸಿದ್ದಾರೆ. ಚಿತ್ರಕಾರನೊಬ್ಬ ತೋಮಿಯೆಯನ್ನು ಕೊಲ್ಲುವುದರಿಂದ ಅದು ಆರಂಭವಾಗುವುದರಿಂದ ‘ಚಿತ್ರಕಾರ’ ಕಥೆಯ ಪಕ್ಕದಲ್ಲಿಟ್ಟು ನೋಡಿದೆ. 2002ರ ‘ಫಾರ್ಬಿಡನ್ ಫ್ರೂಟ್’ ನನ್ನನ್ನು ಅನಿರೀಕ್ಷಿತವಾಗಿ ಕಲಕಿತು. ಅಲ್ಲಿ ತಂದೆಯೊಬ್ಬ ಯೌವನದಲ್ಲಿ ತಾನು ಮರುಳಾಗಿದ್ದ ತೋಮಿಯೆಯ ಹೆಸರನ್ನೇ ಮಗಳಿಗೆ ಇಟ್ಟಿದ್ದಾನೆ, ಅದೇ ತೋಮಿಯೆ ಬಂದು ಆ ಒಂಟಿ ಹುಡುಗಿಯ ಗೆಳತಿಯಾಗುತ್ತಾಳೆ. ಮಾಂಗಾದಲ್ಲಿಲ್ಲದ ಕಥೆಯಾದರೂ ಮಾಂಗಾದ ಒಳಗುಟ್ಟನ್ನು ಅರಿತ ಚಿತ್ರ.

2005ರ ‘ಬಿಗಿನಿಂಗ್’ ಹೆಸರೇ ಹೇಳುವಂತೆ ಆರಂಭದ ಕಥೆ. ಓಯಿಕಾವಾ ಮತ್ತೆ ಬಂದು ತಮ್ಮ ಮೊದಲ ಚಿತ್ರದ ಹಿಂದಿನದನ್ನು ಹೇಳುತ್ತಾರೆ. ಆದರೂ ಅದನ್ನು ಮೊದಲು ನೋಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಮೊದಲ ಚಿತ್ರ ಅಷ್ಟು ಜತನದಿಂದ ಮರೆಮಾಡಿದ ಮುಖ ಇಲ್ಲಿ ಮೊದಲೇ ಬಯಲಾಗುತ್ತದೆ. ಅದೇ ವರ್ಷದ ‘ರಿವೆಂಜ್’, 2007ರ ‘ತೋಮಿಯೆ ವರ್ಸಸ್ ತೋಮಿಯೆ’ಗಳನ್ನು ಪೂರ್ತಿ ಮಾಡುವ ಹಟದಿಂದ ನೋಡಿದೆ. 2011ರ ‘ಅನ್‌ಲಿಮಿಟೆಡ್’ ಅನ್ನು ನೊಬೊರು ಇಗುಚಿ ರಕ್ತದ ಅಬ್ಬರದಲ್ಲಿ ಮುಳುಗಿಸಿದ್ದಾರೆ. ಸೂಕ್ಷ್ಮಕ್ಕಿಂತ ದೇಹದ ವಿಕಾರವನ್ನೇ ಬಯಸುವವರಿಗೆ ಅದು ಹಿಡಿಸೀತು. ಚಿತ್ರದಿಂದ ಚಿತ್ರಕ್ಕೆ ನಟಿ ಬದಲಾಗುತ್ತಾಳೆ. ಮೊದಲು ಇದು ನನಗೆ ಕಿರಿಕಿರಿಯಾಗಿತ್ತು. ಒಂದೊಂದು ತುಂಡೂ ಬೇರೆ ತೋಮಿಯೆ ಎಂದು ಒಪ್ಪಿದ ಮೇಲೆ ಮಚ್ಚೆಯೊಂದನ್ನೇ ಗುರುತಾಗಿ ಹಿಡಿದು ನೋಡುವುದು ಅಭ್ಯಾಸವಾಯಿತು.

ಅನಿಮೆಯಲ್ಲಿ ತೋಮಿಯೆ ಚದುರಿಹೋಗಿದ್ದಾಳೆ. 2018ರ ‘ಜುಂಜಿ ಇತೊ ಕಲೆಕ್ಷನ್’ ಸರಣಿಯ ಹನ್ನೆರಡು ಕಂತುಗಳ ಪೈಕಿ ಒಂದರಲ್ಲಿ ‘ಚಿತ್ರಕಾರ’ ಬರುತ್ತದೆ. ಇದಲ್ಲದೆ ತೋಮಿಯೆಗೇ ಮೀಸಲಾದ ಎರಡು ಹೆಚ್ಚುವರಿ ಕಂತುಗಳಿವೆ, ಇವು ಸರಣಿಯ ಪಟ್ಟಿಯಲ್ಲಿ ಕಾಣದೆ ಹೋಗುವುದುಂಟು. 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಜುಂಜಿ ಇತೊ ಮೇನಿಯಾಕ್’ ಸರಣಿಯಲ್ಲಿ ‘ಫೋಟೋ’ ಇದೆ. ಅಮೆರಿಕದಲ್ಲಿ ಯೋಜಿಸಿದ್ದ ಧಾರಾವಾಹಿಯೊಂದು ಅದನ್ನು ತೋರಿಸಬೇಕಿದ್ದ ಕ್ವಿಬಿ ಸೇವೆ 2020ರಲ್ಲಿ ಮುಚ್ಚಿದ್ದರಿಂದ ಬೆಳಕು ಕಾಣಲಿಲ್ಲ. ಅದರ ಹೆಸರು ಪಟ್ಟಿಗಳಲ್ಲಿ ಕಂಡರೆ ಹುಡುಕುತ್ತಾ ಕೂರಬೇಕಿಲ್ಲ.

‘ಫೋಟೋ’ವನ್ನು ನಾನು ಒಂದೇ ಸಂಜೆ ಎರಡು ರೂಪದಲ್ಲಿ ಎದುರು ಬದುರು ಇಟ್ಟು ನೋಡಿದೆ. ಹುಡುಗರ ಫೋಟೋ ತೆಗೆದು ಶಾಲೆಯಲ್ಲಿ ಮಾರುವ ತ್ಸುಕಿಕೊ, ತೋಮಿಯೆಯ ಫೋಟೋ ತೆಗೆದಾಗ ಕಣ್ಣಿಗೆ ಕಾಣದ ವಿಕಾರ ಕಾಗದದ ಮೇಲೆ ಮೂಡುತ್ತದೆ. ಚೆಲುವಾದ ಮುಖದ ಪಕ್ಕದಿಂದ ಇನ್ನೊಂದು ಮುಖ ಹೊರಡುತ್ತಿರುತ್ತದೆ. ಮಾಂಗಾದಲ್ಲಿ ಇದು ಕಪ್ಪು ಬಿಳುಪಿನ ಚಿತ್ರದೊಳಗಿನ ಚಿತ್ರ. ಎಳೆ ಎಳೆಯಾಗಿ ಬಿಡಿಸಿದ ಕೂದಲು, ಚರ್ಮದ ಮೇಲಿನ ಒತ್ತೊತ್ತು ಗೆರೆಗಳು ಕಣ್ಣನ್ನು ಅಲ್ಲೇ ನಿಲ್ಲಿಸುತ್ತವೆ. ನಾನು ಬಯಸಿದಷ್ಟು ಹೊತ್ತು ಅದನ್ನು ನೋಡಬಲ್ಲೆ, ನೋಡಬೇಕಾಗುತ್ತದೆ. ಅನಿಮೆಯಲ್ಲಿ ಬಣ್ಣ ಬಂದಿದೆ, ಗೆರೆಗಳು ತೆಳುವಾಗಿವೆ, ಆ ಫೋಟೋ ಬಂದು ಹೋಗುತ್ತದೆ. ಆದರೆ ತೋಮಿಯೆಯ ದನಿಯಲ್ಲಿನ ತಾತ್ಸಾರ ಅಲ್ಲಿ ಕಿವಿಗೆ ಕೇಳುತ್ತದೆ. ಮಾತಿನ ಗುಳ್ಳೆಯೊಳಗೆ ನಾನು ಅದನ್ನು ಅಷ್ಟು ತಣ್ಣಗೆ ಕಲ್ಪಿಸಿಕೊಂಡಿರಲಿಲ್ಲ. ಮತ್ತೆ ಮಾಂಗಾಕ್ಕೆ ಮರಳಿದಾಗ ಅದೇ ದನಿ ಪುಟದ ಮೇಲೆ ಕೇಳಿಸಿತು. ಅಂದಿನಿಂದ ಮೊದಲು ಓದು, ಆಮೇಲೆ ಅದೇ ಕಥೆಯ ಚಿತ್ರ ಅಥವಾ ಅನಿಮೆ, ಕೊನೆಗೆ ಮತ್ತೊಮ್ಮೆ ಓದು ಎಂಬ ಕ್ರಮವನ್ನೇ ಇಟ್ಟುಕೊಂಡೆ. ಕಪ್ಪಾಗಿದ್ದ ವಂಶವೃಕ್ಷದ ಪುಟದ ಎದುರಿನಲ್ಲಿ ಎರಡು ಸಾಲಿನ ಸರಳ ಪಟ್ಟಿ ಬರೆದೆ: ಒಂದು ಕಡೆ ಕಥೆಯ ಹೆಸರು, ಇನ್ನೊಂದು ಕಡೆ ಅದಕ್ಕೆ ಹೊಂದುವ ರೂಪಾಂತರ. ಎಷ್ಟೋ ಕಥೆಗಳ ಎದುರಿನ ಜಾಗ ಖಾಲಿಯೇ ಉಳಿದಿದೆ.

ಹಿಂದಿನ ತಿಂಗಳು ಅಕ್ಕನ ಮಗಳು, ಎಂ.ಎ. ಓದುತ್ತಿರುವವಳು, ಆ ನೋಟ್‌ಬುಕ್ಕನ್ನೂ ಸಂಪುಟವನ್ನೂ ಕೇಳಿ ಒಯ್ದಳು. ದೇಹವನ್ನು ತುಂಡರಿಸುವ ಚಿತ್ರಗಳು ತುಂಬಿರುವುದರಿಂದ ಚಿಕ್ಕವರ ಕೈಗೆ ಸಿಗದಂತೆ ಇಡಬೇಕೆಂದು ಹೇಳಿ ಕಳುಹಿಸಿದೆ. ನಾಲ್ಕು ದಿನವಾದ ಮೇಲೆ ರಾತ್ರಿ ಹನ್ನೊಂದಕ್ಕೆ ಅವಳ ಫೋನ್ ಬಂತು. “ಮಾವ, ‘ಫೋಟೋ’ ಓದ್ತಾ ಇದೀನಿ. ಎಡಪುಟದ ಕೊನೆಗೆ ಬಂದಿದೀನಿ. ಇವತ್ತು ತಿರುವಲ್ಲ, ಬೆಳಿಗ್ಗೆ ತಿರುವ್ತೀನಿ.”