ವೇಗದ ಮಾಡೆಲ್ ವಿಮಾನಕ್ಕೆ ಎಂಜಿನ್ ಯಾವುದು, ಪ್ರೊಪೆಲ್ಲರ್ ಯಾವುದು?

ವಿಮಾನ ಜೋರಾಗಿ ಹೋಗ್ತಿಲ್ಲ ಅಂದ ಕೂಡಲೇ ಎಲ್ಲರ ಕಣ್ಣೂ ದೊಡ್ಡ ಎಂಜಿನ್ ಮೇಲೆ ಬೀಳುತ್ತದೆ. ಸ್ವಲ್ಪ ತಡೆಯಿರಿ. ಎಷ್ಟೋ ಸಲ ಕೊರತೆ ಇರುವುದು ಎಂಜಿನ್‌ನಲ್ಲಲ್ಲ, ಅದರ ಮುಂದೆ ಸಿಕ್ಕಿಸಿದ ಪ್ರೊಪೆಲ್ಲರ್‌ನಲ್ಲಿ.

ಮೊದಲು ಎಂಜಿನ್ ನೋಡೋಣ. ಯಾವ ಅಳತೆಯದು ಬೇಕು ಅಂತ ಕಿಟ್ ಜೊತೆಗಿನ ಕೈಪಿಡಿಯಲ್ಲೇ ಇರುತ್ತದೆ. 40 ಅಂದರೆ 0.40 ಘನ ಇಂಚು, ಸುಮಾರು 6.5 ಸಿಸಿ, 46 ಅಂದರೆ 7.5 ಸಿಸಿ. ಆ ಮಿತಿ ದಾಟಬೇಡಿ. ಮೂಗು ಭಾರವಾಗುತ್ತದೆ, ವೇಗ ಜಾಸ್ತಿಯಾದಾಗ ರೆಕ್ಕೆ ಅದುರಿ ಮುರಿಯಲೂಬಹುದು. ಬರೀ ವೇಗವೇ ಬೇಕಿದ್ದರೆ ಬಾಲ್ ಬೇರಿಂಗ್ ಇರುವ ಟೂ ಸ್ಟ್ರೋಕ್ ಎಂಜಿನ್ ತಗೊಳ್ಳಿ. ಫೋರ್ ಸ್ಟ್ರೋಕ್ ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುವುದರಲ್ಲಿ ಗಟ್ಟಿ, ಆ ಕೆಲಸವೇ ಬೇರೆ.

ಈಗ ಪ್ರೊಪೆಲ್ಲರ್. ಅದರ ಮೇಲೆ 10x6 ಅಂತ ಇದ್ದರೆ ತುದಿಯಿಂದ ತುದಿಗೆ 10 ಇಂಚು, ಪಿಚ್ 6 ಇಂಚು. ಮರಕ್ಕೆ ಸ್ಕ್ರೂ ತಿರುಗಿಸಿದಾಗ ಒಳಗೆ ಹೋಗುತ್ತದಲ್ವಾ, ಹಾಗೆ ಒಂದು ಸುತ್ತಿಗೆ ಗಾಳಿಯಲ್ಲಿ ಎಷ್ಟು ಮುಂದೆ ಹೋಗಬೇಕು ಅನ್ನುವುದೇ ಪಿಚ್. ಲೆಕ್ಕ ಸುಲಭ: ನಿಮಿಷದ ಸುತ್ತುಗಳನ್ನು ಪಿಚ್‌ನಿಂದ ಗುಣಿಸಿ, ಮತ್ತೆ 0.001524ರಿಂದ ಗುಣಿಸಿ, ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಬರುತ್ತದೆ. 15,000 ಸುತ್ತಿಗೆ 6 ಇಂಚು ಪಿಚ್ ಆದರೆ 137, ಅದೇ ಸುತ್ತಿಗೆ 8 ಇಂಚಾದರೆ 183.

ಹಾಗಂತ ಸುಮ್ನೆ ಪಿಚ್ ಏರಿಸುತ್ತಾ ಹೋದರೆ ಆಗುವುದಿಲ್ಲ. ಎಂಜಿನ್ ಮೇಲೆ ಹೊರೆ ಜಾಸ್ತಿಯಾಗಿ ಅದರ ಸುತ್ತು ಇಳಿಯುತ್ತದೆ. ಅದಕ್ಕೇ ಪಿಚ್ 1 ಇಂಚು ಏರಿಸಿದರೆ ಉದ್ದ 1 ಇಂಚು ಇಳಿಸಿ: 10x6 ತೆಗೆದು 9x7 ಹಾಕಿ, ಸುತ್ತು ಜಾಸ್ತಿ ಇಳಿಯದಿದ್ದರೆ ಆಮೇಲೆ 9x8 ನೋಡಿ. ಪ್ರತಿ ಸಲ ಟ್ಯಾಕೋಮೀಟರ್ (ಸುತ್ತು ಅಳೆಯುವ ಉಪಕರಣ) ಹಿಡಿದು ಸುತ್ತು ಬರೆದಿಡಿ. ಕಿವಿಯನ್ನು ನಂಬಬೇಡಿ, ಚಿಕ್ಕ ಪ್ರೊಪೆಲ್ಲರ್ ಕಿರುಚುವುದೇ ಜಾಸ್ತಿ. ಪಿಚ್ ಹೆಚ್ಚಾದಷ್ಟೂ ನೆಲ ಬಿಡುವುದು ನಿಧಾನವಾಗುತ್ತದೆ, ನಿಂತಲ್ಲೇ ತಿರುಗುವಾಗ ಬ್ಲೇಡಿಗೆ ಗಾಳಿಯ ಹಿಡಿತ ಸಿಗುವುದಿಲ್ಲ, ಆದ್ದರಿಂದ ನೆಲದ ಮೇಲೆ ಉದ್ದದ ಓಟಕ್ಕೆ ಜಾಗ ಇಟ್ಟುಕೊಳ್ಳಿ. ದಪ್ಪ ರೆಕ್ಕೆ, ಹೊರಗೆ ಜೋತುಬಿದ್ದ ಚಕ್ರಗಳಿರುವ ವಿಮಾನಕ್ಕಂತೂ 8 ಇಂಚು ಪಿಚ್ ದಂಡ, ಗಾಳಿಯ ತಡೆಯೇ ಅದನ್ನು ಅಷ್ಟು ವೇಗಕ್ಕೆ ಬಿಡುವುದಿಲ್ಲ.

ಗ್ಲೋ ಎಂಜಿನ್‌ನ (ಕಾದ ತಂತಿಯ ಗ್ಲೋ ಪ್ಲಗ್‌ನಿಂದ ಇಂಧನ ಹೊತ್ತಿಸುವ ಚಿಕ್ಕ ಎಂಜಿನ್) ನೀಡಲ್, ಅಂದರೆ ಇಂಧನ ಎಷ್ಟು ಹೋಗಬೇಕು ಅಂತ ಹೊಂದಿಸುವ ತಿರುಪು, ಅದನ್ನು ತಿರುಗಿಸುವಾಗ ದುರಾಸೆ ಬೇಡ. ಗರಿಷ್ಠ ಸುತ್ತು ಸಿಕ್ಕ ಮೇಲೆ ನೀಡಲ್ ಸ್ವಲ್ಪ ತೆರೆದು 200–300 ಸುತ್ತು ಇಳಿಸಿ. ಹಾರುವಾಗ ಪ್ರೊಪೆಲ್ಲರ್ ಹಗುರಾಗಿ ಸುತ್ತು ತಾನೇ ಏರುತ್ತದೆ, ಆಗ ಒಳಗೆ ಹೋಗುವ ಇಂಧನ ಸಾಲದಿದ್ದರೆ ಎಂಜಿನ್ ಕಾದು ಹಾಳಾಗುತ್ತದೆ. ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂಗು ಮೇಲೆತ್ತಿ ನೋಡಿ, ಸದ್ದು ಕುಗ್ಗಿದರೆ ಇನ್ನೂ ತೆರೆಯಬೇಕು.

ಎಲೆಕ್ಟ್ರಿಕ್ ಮೋಟರಿಗೆಂದೇ ಮಾಡಿದ ತೆಳು ಪ್ರೊಪೆಲ್ಲರನ್ನು ಗ್ಲೋ ಎಂಜಿನ್‌ಗೆ ಯಾವತ್ತೂ ಹಾಕಬೇಡಿ, ಅದುರಾಟಕ್ಕೆ ಸಿಡಿಯಬಹುದು. ಹೊಸದನ್ನು ಬ್ಯಾಲೆನ್ಸ್ ಮಾಡಿಯೇ ಹಾಕಿ. ಎಂಜಿನ್ ಓಡುವಾಗ ವಿಮಾನದ ಹಿಂದೆ ನಿಲ್ಲಿ, ಪ್ರೊಪೆಲ್ಲರ್ ಪಕ್ಕದಲ್ಲಿ ಯಾರೂ ಇರಬಾರದು. 9 ಇಂಚಿನದು 15,000 ಸುತ್ತಿನಲ್ಲಿ ತಿರುಗುವಾಗ ಅದರ ತುದಿ ಗಂಟೆಗೆ ಸುಮಾರು 645 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅಂಚಿನಲ್ಲಿ ಚಿಕ್ಕ ಕಚ್ಚು ಕಂಡರೂ ಆ ಪ್ರೊಪೆಲ್ಲರನ್ನು ಮುರಿದೇ ಬಿಸಾಡಿ, ಇಲ್ಲದಿದ್ದರೆ ಇನ್ನೊಂದು ದಿನ ಯಾರೋ ಗೊತ್ತಿಲ್ಲದೆ ಅದನ್ನೇ ಎತ್ತಿ ಹಾಕಿಬಿಡುತ್ತಾರೆ.