ಮರುದಿನ ಬೆಳಿಗ್ಗೆಯನ್ನೂ ಕೇಳಬೇಕು: ಫೈಬ್ರೋಮಯಾಲ್ಜಿಯಾ ತಪಾಸಣೆಯಲ್ಲಿ ನನ್ನ ಅನುಭವ

ಫಿಸಿಯೊಥೆರಪಿ ವೃತ್ತಿಗೆ ಬಂದ ಹೊಸದರಲ್ಲಿ, ಫೈಬ್ರೋಮಯಾಲ್ಜಿಯಾ, ಅಂದರೆ ಮೈಯೆಲ್ಲ ದೀರ್ಘಕಾಲ ನೋಯುವ ಕಾಯಿಲೆ, ಇದ್ದ ಮಹಿಳೆಯೊಬ್ಬರನ್ನು ಅರ್ಧ ಗಂಟೆ ಪರೀಕ್ಷಿಸಿ, ಕೀಲುಗಳ ಚಲನೆ ಪೂರ್ಣವಾಗಿದೆ, ಕೈಹಿಡಿತದ ಬಲ ಸಹಜವಾಗಿದೆ, ಆದ್ದರಿಂದ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಬರೆದುಕೊಟ್ಟಿದ್ದೆ. ಅಳತೆಗಳು ಸರಿಯಾಗಿಯೇ ಇದ್ದವು. ಅವುಗಳಿಂದ ನಾನು ತೆಗೆದ ತೀರ್ಮಾನ ತಪ್ಪಾಗಿತ್ತು. ನರಮಂಡಲವೇ ನೋವನ್ನು ಹಿಗ್ಗಿಸುವ ಈ ಕಾಯಿಲೆಯನ್ನು ಎಕ್ಸ್‌ರೇಯಾಗಲಿ ರಕ್ತಪರೀಕ್ಷೆಯಾಗಲಿ ತೋರಿಸಿಕೊಡುವುದಿಲ್ಲ. ರೋಗಿ ಒಂದು ಕೆಲಸವನ್ನು ಒಮ್ಮೆ ಮಾಡಬಲ್ಲರೇ ಎಂಬುದಕ್ಕಿಂತ, ದಿನವಿಡೀ ಮಾಡಿ ಮರುದಿನವೂ ಎದ್ದು ಬರಬಲ್ಲರೇ ಎಂಬುದನ್ನು ನಾನು ನೋಡಬೇಕಿತ್ತು.

ಈಗ ನಾನು ಫೈಬ್ರೋಮಯಾಲ್ಜಿಯಾ ಬದುಕಿನ ಮೇಲೆ ಬೀರುವ ಪರಿಣಾಮವನ್ನು ಅಳೆಯುವ, 2009ರಲ್ಲಿ ಪ್ರಕಟವಾದ ಪರಿಷ್ಕೃತ ಪ್ರಶ್ನಾವಳಿಯಿಂದ, ಅಂದರೆ ಎಫ್‌ಐಕ್ಯೂಆರ್‌ನಿಂದ ಆರಂಭಿಸುತ್ತೇನೆ. ಕಳೆದ 7 ದಿನಗಳ ಬಗೆಗಿನ ಅದರ 21 ಪ್ರಶ್ನೆಗಳಿಗೆ ತಲಾ 0ಯಿಂದ 10 ಅಂಕಗಳಿವೆ. ದಿನನಿತ್ಯದ ಕೆಲಸಗಳ 9 ಪ್ರಶ್ನೆಗಳ ಮೊತ್ತವನ್ನು 3ರಿಂದ, ಲಕ್ಷಣಗಳ 10 ಪ್ರಶ್ನೆಗಳ ಮೊತ್ತವನ್ನು 2ರಿಂದ ಭಾಗಿಸಿ, ಒಟ್ಟಾರೆ ಪರಿಣಾಮದ 2 ಪ್ರಶ್ನೆಗಳ ಅಂಕವನ್ನು ಹಾಗೆಯೇ ಕೂಡಿಸಿದರೆ 100ಕ್ಕೆ ಲೆಕ್ಕ ಸಿಗುತ್ತದೆ. ಹಿಟ್ಟು ನಾದುವುದು, ಮುದ್ದೆ ತಿರುವುವುದು, ಬಟ್ಟೆ ಹಿಂಡುವುದು ಅದರಲ್ಲಿಲ್ಲ. ಅಂಕಕ್ಕೆ ಸೇರಿಸದೆ ಅವನ್ನೂ ಪ್ರತ್ಯೇಕವಾಗಿ ಕೇಳಿ ಬರೆದುಕೊಳ್ಳುತ್ತೇನೆ.

ಪ್ರಶ್ನಾವಳಿಯನ್ನು ರೋಗಿಯ ಕೈಗೆ ಕೊಟ್ಟು ಸುಮ್ಮನೆ ಕುಳಿತರೆ ಸಾಲದು. ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಯಂತ್ರದ ಮೇಲೆ ಕೆಲಸ ಮಾಡುವ ಮಹಿಳೆಯೊಬ್ಬರು, ತಲೆ ಬಾಚಿಕೊಳ್ಳುವುದಕ್ಕೆ ತೊಂದರೆಯೇ ಇಲ್ಲ ಎಂದು 0 ಹಾಕಿದ್ದರು. "ಜಡೆ ಯಾರು ಹಾಕುತ್ತಾರಮ್ಮ?" ಎಂದು ಕೇಳಿದೆ. "ಮಗಳು ಹಾಕ್ತಾಳೆ ಮೇಡಂ, ನನಗೆ ಕೈ ಎತ್ತಿ ಹಿಡಿಯೋಕೆ ಆಗಲ್ಲ" ಎಂದರು. ಆಗದೇ ಹೋದ ಕೆಲಸಕ್ಕೆ ಪ್ರಶ್ನಾವಳಿಯ ನಿಯಮದಂತೆ 10 ಅಂಕ ಸಲ್ಲಬೇಕು. ಬಿಟ್ಟುಬಿಟ್ಟ ಕೆಲಸವನ್ನು ಜನ ಕಷ್ಟದ ಲೆಕ್ಕಕ್ಕೆ ಸೇರಿಸುವುದಿಲ್ಲವೆಂದು ನನಗೆ ಮನವರಿಕೆಯಾದದ್ದು ಅಲ್ಲಿಯೇ.

ಅವರಿಗೆ 6 ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿದೆ, ಚೆನ್ನಾಗಿಯೇ ನಡೆದರು. ಬಳಿಕ ಮೇಜಿನ ಮುಂದೆ ಕೂರಿಸಿ, ಹೊಲಿಯುವಾಗಿನಂತೆ ಬಗ್ಗಿ ಬಟ್ಟೆಯ ತುಂಡುಗಳನ್ನು ಜೋಡಿಸಲು ಹೇಳಿದೆ. ಹತ್ತು ನಿಮಿಷದವರೆಗೆ ಕೈ ಸಲೀಸಾಗಿ ಓಡಿತು. ಇಪ್ಪತ್ತನೆಯ ನಿಮಿಷದ ಹೊತ್ತಿಗೆ ಬಲ ಭುಜ ಕಿವಿಯ ಕಡೆಗೆ ಏರಿತ್ತು, ಮುಗಿಸಿದ ತುಂಡನ್ನೇ ಮತ್ತೆ ಕೈಗೆತ್ತಿಕೊಂಡು ಇದು ಆಗಿತ್ತೇ ಎಂದು ನನ್ನ ಮುಖ ನೋಡಿದರು. ಈ ಮರೆವು ಮತ್ತು ಮಂಪರು ಕಾಯಿಲೆಯ ಭಾಗವೇ ಆಗಿದ್ದರೂ ಲೈನ್ ಸೂಪರ್‌ವೈಸರ್‌ಗೆ ಅಲಕ್ಷ್ಯದಂತೆ ಕಾಣುತ್ತವೆ. ಆ ಅನ್ಯಾಯ ನನ್ನನ್ನು ಈಗಲೂ ಕಾಡುತ್ತದೆ.

ಮರುದಿನ ಬೆಳಿಗ್ಗೆ ಫೋನ್ ಮಾಡಿದಾಗ ಅವರು, "ಮೈಯೆಲ್ಲ ಹಣ್ಣಾಗಿದೆ, ಇವತ್ತು ಒಲೆ ಹಚ್ಚಿಲ್ಲ" ಎಂದರು. ಆ ಮಾತನ್ನು ಇದ್ದ ಹಾಗೆಯೇ ವರದಿಯಲ್ಲಿ ಬರೆದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವರ್ಗಗಳ ಪಟ್ಟಿಯಲ್ಲಿ ಫೈಬ್ರೋಮಯಾಲ್ಜಿಯಾದ ಹೆಸರಿಲ್ಲದಿರುವುದರಿಂದ, ಇಂಥವರಿಗೆ ಬಹುಪಾಲು ಆಸರೆಯಾಗುವುದು ಇಂಥ ವರದಿಯೇ. ಕಾಯಿಲೆಯ ಹೆಸರಿಗಿಂತ ಮಾಡಬೇಕಾದದ್ದನ್ನು ಸ್ಪಷ್ಟವಾಗಿ ಬರೆಯುವುದು ಮೇಲೆಂದು ನನ್ನ ಅಭಿಪ್ರಾಯ: ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಿಲ್ಲಲು ಅವಕಾಶ, ಬಟ್ಟೆಯ ಗಂಟು ಎತ್ತುವ ಕೆಲಸ ಬೇರೆಯವರಿಗೆ, ಓವರ್‌ಟೈಮ್ ಬೇಡ.

ಮೂರು ತಿಂಗಳ ಬಳಿಕ ಅದೇ ಪ್ರಶ್ನಾವಳಿಯನ್ನು ತುಂಬಿಸಿದಾಗ ಅವರು ತಲೆ ಬಾಚುವ ಸಾಲಿನಲ್ಲಿ 6 ಹಾಕಿ, ಹಿಂದಿನ ಜಡೆಯನ್ನು ತಾವಾಗಿಯೇ ಮುಂದಕ್ಕೆ ತಂದು ತೋರಿಸಿದರು.