ಸೊಪ್ಪು ಹಾಕಿದ ಮೇಲೆ ಅಲಾರಂ

ಶಿಡ್ಲಘಟ್ಟದಲ್ಲಿ ನನ್ನದು ಒಂದೇ ಕುರ್ಚಿಯ ಹಲ್ಲಿನ ಕ್ಲಿನಿಕ್. ಬರುವವರಲ್ಲಿ ರೇಷ್ಮೆ ಹುಳು ಸಾಕುವವರೇ ಜಾಸ್ತಿ. ನಮ್ಮ ಕಡೆ ವಸಡಿನ ಕಾಯಿಲೆ ಬೇಗ ಗೊತ್ತಾಗುವುದಿಲ್ಲ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಹಲ್ಲು ಅಲ್ಲಾಡಿದರೂ ಊಟ ನಡೆಯುತ್ತದೆ. ಸೀಬೆಹಣ್ಣು ಕಚ್ಚಿ, ಅದರ ಮೇಲೆ ರಕ್ತ ಕಂಡಾಗಲೇ ಭಯ.

ಹಾಗೆ ಭಯ ಬಿದ್ದು ಬಂದವರು ಒಬ್ಬ ಅಕ್ಕ. "ಉಜ್ಜಿದ್ರೆ ರಕ್ತ ಬರುತ್ತೆ ಮೇಡಂ, ಅದಕ್ಕೇ ಆ ಕಡೆ ಬ್ರಷ್ ಹಾಕೋದೇ ಬಿಟ್ಬಿಟ್ಟೆ" ಅಂದರು. ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ! ಬಿಟ್ಟ ಜಾಗದಲ್ಲಿ ಪಾಚಿ ಕೂರುತ್ತದೆ, ಕೆಲವೇ ದಿನಕ್ಕೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ವಸಡು ಇನ್ನೂ ಊದಿ ಇನ್ನೂ ರಕ್ತ. ಹಲ್ಲಿಗೂ ವಸಡಿಗೂ ನಡುವಿನ ಸಂದಿಗೆ ಅಳತೆ ಕಡ್ಡಿ ಇಳಿಸಿ ನೋಡಿದೆ. ಚೆನ್ನಾಗಿರುವ ವಸಡಿನಲ್ಲಿ ಅದು 3 ಮಿ.ಮೀ. ಒಳಗೇ ನಿಲ್ಲುತ್ತದೆ. ಇವರ ದವಡೆ ಹಲ್ಲುಗಳ ಹತ್ತಿರ 5, 6 ಇಳಿಯಿತು.

ಎರಡು ಸಲ ಕರೆಸಿ ವಸಡಿನ ಒಳಗೆ, ಬೇರಿನ ಮೇಲೂ ಕ್ಲೀನ್ ಮಾಡಿದೆ. ಆದರೆ ನನ್ನ ಕೆಲಸ ಒಂದೆರಡು ಗಂಟೆಯದು. ಮುಂದಿನ ಎಂಟು ವಾರ ಎಲ್ಲ ಅವರ ಕೈಯಲ್ಲೇ ಅಲ್ವಾ? ಫೋನ್ ಬೇಕಾಗಿದ್ದು ಅಲ್ಲಿಗೆ.

ಕಾಲೇಜು ಹುಡುಗರಿಗೆ ನಾನು ಬ್ರಷ್ ಡಿಜೆ ಆ್ಯಪ್ ಹಾಕಿಸುತ್ತೇನೆ. ಅವರ ಫೋನಿನ ಹಾಡನ್ನೇ ಅದು 2 ನಿಮಿಷ ಹಾಡಿಸುತ್ತದೆ, ಹಾಡು ನಿಲ್ಲುವ ತನಕ ಉಜ್ಜುತ್ತಾರೆ. ಅಕ್ಕನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅವರಿಗೆ ಫೋನಿನ ಅಲಾರಂ ಮತ್ತು ವಾಟ್ಸಾಪ್ ಸಾಕಾಯಿತು. "ಬ್ರಷ್ ಓರೆಯಾಗಿ ಹಿಡೀರಿ ಅಕ್ಕ, ಅರ್ಧ ಹಲ್ಲಿಗೆ, ಅರ್ಧ ವಸಡಿಗೆ ತಾಗಲಿ, ಮೆಲ್ಲಗೆ ಅಲ್ಲಾಡಿಸಿ" ಅಂತ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಿದೆ. ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಷ್ ಹಿಡಿಯುವುದನ್ನು ಅವರ ಫೋನಿನಲ್ಲೇ ವಿಡಿಯೋ ಮಾಡಿಕೊಟ್ಟೆ, ಅವರದೇ ಬಾಯಿ, ಅವರದೇ ಕೈ.

ಭಾನುವಾರ ಫೋಟೋ. ಪಾಚಿಗೆ ಬಣ್ಣ ಹಿಡಿಸುವ ಮಾತ್ರೆ ಕೊಟ್ಟಿದ್ದೆ. ಅದನ್ನು ಅಗಿದು ಬಾಯಿ ಮುಕ್ಕಳಿಸಿದರೆ ಪಾಚಿ ಇರುವಲ್ಲಿ ಮಾತ್ರ ಕೆಂಪು ಉಳಿಯುತ್ತದೆ. ಮಗಳು ಚಮಚದ ಹಿಡಿಯಿಂದ ಕೆನ್ನೆ ಎಳೆದು, ಟಾರ್ಚ್ ಹಾಕಿ ಫೋಟೋ ತೆಗೆಯುತ್ತಿದ್ದಳು. ಇದರಿಂದ ಇನ್ನೊಂದು ಲಾಭ ಆಯಿತು. ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಬಂದ ಕಂದು ಕಲೆಯನ್ನೇ ಅವರು ಪಾಚಿ ಅಂದುಕೊಂಡು ತಿಕ್ಕಿ ತಿಕ್ಕಿ ಇಡುತ್ತಿದ್ದರು. ಕಲೆ ಇರುವುದು ಹಲ್ಲಿನೊಳಗೆ, ಉಜ್ಜಿದರೆ ಹೋಗುವುದಿಲ್ಲ. ಕೆಂಪು ಇದ್ದದ್ದು ಹಿಂದೆ, ಸಂದಿಯಲ್ಲಿ. "ಅಯ್ಯೋ, ಇಷ್ಟು ದಿನ ಸುಮ್ನೆ ಮುಂದೆ ತಿಕ್ಕಿದೆನಾ?" ಅಂತ ವಾಯ್ಸ್ ಮೆಸೇಜ್ ಬಂತು.

ಮೂರನೇ ವಾರ ಫೋಟೋ ಬರಲಿಲ್ಲ. ಕೇಳಿದರೆ, ಹುಳು ನಾಲ್ಕನೇ ಜ್ವರದಿಂದ (ಹುಳು ಪೊರೆ ಬಿಡುವುದಕ್ಕೆ ಹಾಗನ್ನುತ್ತಾರೆ) ಎದ್ದಿವೆ, ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕಬೇಕು ಅಂದರು. ನಾನು ಅಲಾರಂ ಇಟ್ಟುಕೊಟ್ಟಿದ್ದು 8 ಗಂಟೆಗೆ. ಆ ಹೊತ್ತಿಗೆ ಅವರು ಹುಳದ ಮನೆಯಲ್ಲಿ! ತಪ್ಪು ನನ್ನದೇ. ರಾತ್ರಿಯ ಕೊನೆ ಸೊಪ್ಪು ಹಾಕಿ ಕೈ ತೊಳೆಯುವ ಹೊತ್ತು ಕೇಳಿ, ಅಲಾರಂ ಅಲ್ಲಿಗೆ ಬದಲಿಸಿದೆವು. ಅದಾದ ಮೇಲೆ ಒಂದು ಭಾನುವಾರವೂ ತಪ್ಪಲಿಲ್ಲ.

ಫೋಟೋವನ್ನು ಪೂರ್ತಿ ನಂಬಬಾರದು ಅನ್ನುವುದನ್ನು ಕಲಿಸಿದವರು ಬೀಡಿ ಸೇದುವ ಒಬ್ಬ ಟೊಮೆಟೊ ಗಾಡಿ ಡ್ರೈವರ್. ಅವರ ಫೋಟೋಗಳಲ್ಲಿ ರಕ್ತವಿಲ್ಲ, ಊತವಿಲ್ಲ. ನಾನೂ ಸಮಾಧಾನವಾಗಿದ್ದೆ. ಮೂರು ತಿಂಗಳಿಗೆ ಬಂದಾಗ ಕಡ್ಡಿ 7 ಮಿ.ಮೀ. ಇಳಿಯಿತು. ಹೊಗೆಸೊಪ್ಪು ವಸಡಿನ ರಕ್ತ ಓಡಾಟವನ್ನೇ ತಗ್ಗಿಸುತ್ತದೆ, ಹಾಗಾಗಿ ಕಾಯಿಲೆ ಇದ್ದರೂ ರಕ್ತ ಕಾಣುವುದು ಕಡಿಮೆ. ಇದು ಗೊತ್ತಿದ್ದೂ ಫೋಟೋ ನೋಡಿ ಸುಮ್ಮನಾದೆ ಅನ್ನುವುದು ನನಗೆ ಇವತ್ತಿಗೂ ನೋವು. ಈಗ ಬೀಡಿ, ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಇರುವವರು ಫೋಟೋ ಎಷ್ಟೇ ಚೆನ್ನಾಗಿದ್ದರೂ ಅಳತೆಗೆ ಬರಲೇಬೇಕು.

ಎಂಟು ವಾರಕ್ಕೆ ಅಕ್ಕನ ವಸಡು ಮತ್ತೆ ಅಳೆದೆ. ಬಹುತೇಕ ಕಡೆ 3, 4ಕ್ಕೆ ಬಂದಿತ್ತು. ಎಡಗಡೆ ಕೊನೆ ಹಲ್ಲಿನ ಹಿಂದೆ ಮಾತ್ರ 6 ಹಾಗೇ ಇದೆ. ಅಲ್ಲಿಗೆ ಬ್ರಷ್ ಹೋಗುವುದಿಲ್ಲ, ವಸಡು ಬಿಡಿಸಿಯೇ ಕ್ಲೀನ್ ಮಾಡಬೇಕು. ಈ ಸಲದ ಗೂಡು ಮಾರ್ಕೆಟ್ಟಿಗೆ ಹೋದ ಮಾರನೇ ದಿನ ಬರುತ್ತೇನೆ ಅಂದಿದ್ದಾರೆ.